ಜೀಪಿನ ಕೀಗೆ ಇಪ್ಪತ್ತನಾಲ್ಕು ಮಾರ್ಕು

ವಯಸ್ಸಾದವರ ತಲೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ಯಾರಾದರೂ ಕೈಹಾಕಿದರೆ ಇಂಥವು ಆಗುತ್ತಲೇ ಇರುತ್ತವೆ. ನಮ್ಮ ಹಾನುಬಾಳು ಕಡೆ ಮೂರು ತಿಂಗಳಲ್ಲಿ ಆದಷ್ಟನ್ನು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ಯಾವುದಾದರೂ ಬಿಟ್ಟುಹೋಗಿದ್ದರೆ ಅದಕ್ಕೆ ಕಾರಣ ಏನೆಂದು ನೀವೇ ಊಹಿಸಿಕೊಳ್ಳಿ.

ನಾನು ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ರೈಟರ್ ಆಗಿದ್ದವನು. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಬೆಳಿಗ್ಗೆ ಸ್ಟೋರಿನ ಮುಂದೆ ಆಳುಗಳನ್ನು ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕೂಗಿ, ಬಂದವರಿಗೆ ಗೆರೆ ಎಳೆದು, ಬಾರದವರಿಗೆ ರಜಾ ಎಂದು ಬರೆದು, ಯಾರು ಯಾವ ತೋಟಕ್ಕೆ ಹೋಗಬೇಕೆಂದು ಹೇಳಿ ಕಳಿಸುವವನು. ಹೀಗೆ ಹೆಸರು ಕೂಗುವುದಕ್ಕೆ ಮಸ್ಟರ್ ಎನ್ನುತ್ತಾರೆ. ಅಷ್ಟೂ ವರ್ಷ ಧಣಿಗಳ ಜೀಪಿನ ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲದ ಪಕ್ಕ ಕೂತು ಓಡಾಡಿದವನು, ನಿವೃತ್ತನಾದ ಮೇಲೆ ನನ್ನದೇ ಒಂದು ಹಳೆ ಜೀಪು ಕೊಂಡೆ. ಸ್ಟೇರಿಂಗ್ ಹಿಂದೆ ಕೂತಾಗ ನನಗೆ ಎಷ್ಟು ಸುಖವಾಗುತ್ತಿತ್ತು ಎಂದು ಹೇಳಿದರೆ ನಗುತ್ತೀರಿ. ಆ ಜೀಪಿನಿಂದಲೇ ಎಲ್ಲ ಶುರುವಾಯಿತು.

೧. ಕಳ್ಳನ ಹೆಸರು

ಔಷಧಿ ಹೊಡೆಯುವ ಪಂಪಿಗೆ ವಾಷರ್ ತರಲೆಂದು ಸಕಲೇಶಪುರಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ಸ್ನೇಹಿತನೊಬ್ಬ ಸಿಕ್ಕಿದ. ಮಾತು, ಮಾತಿನ ಮಧ್ಯೆ ಕಾಫಿ, ಕಾಫಿ ಮುಗಿದರೂ ಮುಗಿಯದ ಮಾತು. ಅವನು ಬಸ್ ಹತ್ತಿದ, ಮಾತು ಅರ್ಧ ಆಗಿತ್ತು, ನಾನೂ ಹತ್ತಿದೆ. ಮನೆಗೆ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕೂತರೆ ಎದುರಿಗೆ ಶೆಡ್ಡು ಖಾಲಿ.

"ಲೇ, ಜೀಪು ಕದ್ಕೊಂಡು ಹೋಗ್ಬುಟ್ಟವ್ರೆ ಕಣೆ" ಎಂದು ಕೂಗಿದೆ.

ನನ್ನ ಹೆಂಡತಿ ಒಳಗಿಂದ ಬಂದು ಶೆಡ್ಡು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ಅವಳು ಮಾತಾಡದೆ ಇದ್ದರೆ ಗಾಬರಿಯಾಗಿದ್ದಾಳೆ ಎಂದುಕೊಳ್ಳುವುದು ನನ್ನ ಹಳೆಯ ತಪ್ಪು. ಪೊಲೀಸ್ ಠಾಣೆಗೆ ಫೋನು ಮಾಡಿದೆ. ಆ ಕಡೆಯಿದ್ದವನು ತಾಳ್ಮೆಯ ಮನುಷ್ಯ.

"ಕೊನೇ ಸಲ ಜೀಪು ಯಾವಾಗ ನೋಡಿದ್ರಿ?"

"ಇವತ್ತು ಬೆಳಿಗ್ಗೆ."

"ಎಲ್ಲಿ?"

"ಸಕಲೇಶಪುರದಾಗೆ, ಬೇಕರಿ ಮುಂದೆ ನಿಲ್ಸಿ..."

ಅಷ್ಟು ಹೇಳಿ ಜೇಬು ಮುಟ್ಟಿ ನೋಡಿಕೊಂಡೆ, ಜೀಪಿನ ಕೀ ಅಲ್ಲೇ ಇತ್ತು. ಆಮೇಲೆ ಅವನು ಮೆತ್ತಗೆ, "ಯಜಮಾನ್ರೇ, ಕಂಪ್ಲೇಂಟ್ ಬರ್ಕೊಳ್ತೀನಿ. ಆದ್ರೆ ಕದ್ದೋರು ಯಾರು ಅಂತ ನಿಮ್ ಹೆಸ್ರೇ ಬರೀಬೇಕಾಗ್ತದೆ" ಎಂದ.

ಮಾರನೆಯ ದಿನ ಜೀಪು ತಂದು ಶೆಡ್ಡಿಗೆ ಬಿಟ್ಟ ಕೂಡಲೇ ನನ್ನ ಹೆಂಡತಿ ಕೀ ಕಿತ್ತುಕೊಂಡು ತಾಳಿಸರದ ಸೇಫ್ಟಿ ಪಿನ್ನಿಗೆ ಸಿಕ್ಕಿಸಿಕೊಂಡಳು. "ಇವತ್ತು ಜೀಪು ಮರೆತ್ರಿ. ನಾಳೆ ಘಾಟಿ ತಿರುವ್ನಾಗೆ ಬ್ರೇಕ್ ಮರೆತ್ರೆ ನಾನೇನ್ ಮಾಡ್ಲಿ?" ಎಂದಳು. ಊರಿನ ಡಾಕ್ಟರು ವಯಸ್ಸಾದವರಿಗೆಂದು ವಾರಕ್ಕೊಮ್ಮೆ ನೆನಪಿನ ಕ್ಲಾಸು ಮಾಡಿಸುತ್ತಾರೆ, ಮೊದಲೊಂದು ಪರೀಕ್ಷೆ, ಮೂರು ತಿಂಗಳಾದ ಮೇಲೆ ಇನ್ನೊಂದು ಎಂದು ಅವಳಿಗೆ ಯಾರೋ ಹೇಳಿದ್ದರು. ಮೂವತ್ತಕ್ಕೆ ಇಪ್ಪತ್ತನಾಲ್ಕು ಬಂದರೆ ತಲೆ ಸರಿಯಾಗಿದೆ ಎಂದು ಲೆಕ್ಕವಂತೆ. "ಇಪ್ಪತ್ನಾಲ್ಕು ತಗೊಂಬನ್ನಿ, ಕೀ ತಗೊಳ್ಳಿ" ಎಂದು ಅವಳ ತೀರ್ಪು. ಮದುವೆಯಲ್ಲಿ ಆ ಸರ ಅವಳ ಕೊರಳಿಗೆ ಕಟ್ಟಿದವನು ನಾನು. ಅದರಲ್ಲಿ ನನ್ನ ಜೀಪು ನೇತಾಡುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

೨. ತಲೆ ಮೇಲಿನ ಚಂದ್ರ

ಕ್ಲಾಸು ನಡೆಯುತ್ತಿದ್ದುದು ಸಮುದಾಯ ಭವನದಲ್ಲಿ, ಬುಧವಾರ ಮಧ್ಯಾಹ್ನ. ನಡೆಸುತ್ತಿದ್ದವರು ಒಬ್ಬ ಮೇಡಂ. ಮಂಗಳೂರು ಕಡೆಯಿಂದ ಅಜ್ಜನ ಕಾಲದಲ್ಲೇ ಇಲ್ಲಿಗೆ ಬಂದ ಕ್ರಿಶ್ಚಿಯನ್ ಮನೆತನದವರು, ಬಹಳ ಮರ್ಯಾದೆಯ ಹೆಣ್ಣುಮಗಳು. ಆದರೆ ಅವರ ಕೈಯಲ್ಲಿ ಮುದ್ರಿಸಿದ ಕಾಗದವೊಂದಿತ್ತು. ಆ ಕಾಗದದ ಮುಂದೆ ಅವರ ಮರ್ಯಾದೆಯೂ ನಡೆಯುತ್ತಿರಲಿಲ್ಲ, ನಮ್ಮದೂ ನಡೆಯುತ್ತಿರಲಿಲ್ಲ.

ಸರಿಯಾದ ಸ್ಟಾಪಿನಲ್ಲಿ ನಾನು ಬಸ್ಸಿನಿಂದ ಇಳಿಯುತ್ತೇನೆಂಬ ನಂಬಿಕೆ ಇಲ್ಲದೆ ನನ್ನ ಹೆಂಡತಿಯೂ ಜೊತೆಗೆ ಬಂದಿದ್ದಳು. ಮೊದಲ ದಿನ ನನ್ನ ಪರೀಕ್ಷೆ ಆಯಿತು. ಮೂರು ಪದ ಹೇಳಿ, ಗಡಿಯಾರ ಬರೆಸಿ, ಆಮೇಲೆ ಆ ಮೂರು ಪದ ಯಾವುವು ಎಂದು ಕೇಳಿದರು. ಗಡಿಯಾರ ಚೆನ್ನಾಗಿ ಬಂತು, ಪದಗಳು ಬರಲಿಲ್ಲ. ಕೊನೆಯ ಸಾಲಿನಲ್ಲಿ 'ಹೆಸರು ಕರೆದರೆ ಓಗೊಡುತ್ತಾರೆಯೇ' ಎಂದಿತ್ತು. ಮೇಡಂ ನಕ್ಕು, "ಇದು ಮರೆವು ತುಂಬಾ ಜೋರಾದವರಿಗೆ, ನಿಮಗೆ ಬೇಡ ಮಾರಾಯ್ರೆ" ಎಂದು ಕೇಳದೆಯೇ ಒಂದು ಮಾರ್ಕು ಹಾಕಿದರು. ಅದೂ ಸೇರಿ ಹದಿನೆಂಟು ಬಂತು.

ಸುಮ್ಮನೆ ಕೂತಿದ್ದ ನನ್ನ ಹೆಂಡತಿಯನ್ನು ಮೇಡಂ, "ಅಮ್ಮಾ, ನೀವೂ ಬನ್ನಿ, ಎಂತ ಆಗುವುದಿಲ್ಲ" ಎಂದು ಕರೆದರು. ಅವಳು ಪಟಪಟನೆ ಎಲ್ಲಕ್ಕೂ ಉತ್ತರ ಕೊಟ್ಟಳು. ತನ್ನ ಮೂರು ಪದ ಮಾತ್ರವಲ್ಲ, ನನಗೆ ಕೊಟ್ಟಿದ್ದ ಮೂರು ಪದವನ್ನೂ ಹೇಳಿದಳು. ಉಳಿದಿದ್ದು ಒಂದೇ ಪ್ರಶ್ನೆ.

"ನಿಮ್ಮ ಯಜಮಾನರ ಹೆಸರು?"

ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಮದುವೆಯಾಗಿ ನಲವತ್ತನಾಲ್ಕು ವರ್ಷ, ಅವಳು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಅವಳ ತವರಿನಲ್ಲಿ ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಕಲಿಸಿದ್ದಾರೆ.

"ಇಲ್ಲೇ ಕೂತವ್ರಲ್ಲ" ಎಂದಳು.

"ಹೆಸರು ಹೇಳಬೇಕು ಅಮ್ಮಾ."

"ಅದೇ... ತಲೆ ಮೇಲೆ ಚಂದ್ರ ಇರೋರು."

ದೇವರ ಹೆಸರನ್ನು ಅವಳು ಅಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಳು. ಮೇಡಂ ತಿರುಗಿ ನನ್ನ ಬೋಳುತಲೆ ನೋಡಿ, ಹೌದು ಎನ್ನುವಂತೆ ತಲೆಯಾಡಿಸಿದರು.

ನನ್ನ ಹೆಸರು ಅವರ ಎದುರಿನ ಕಾಗದದಲ್ಲೇ ಇತ್ತು. ಅದನ್ನು ತೋರಿಸಿದೆ. "ನನಗೆ ಗೊತ್ತುಂಟು, ಆದರೆ ಅವರ ಬಾಯಿಂದಲೇ ಬರಬೇಕು, ರೂಲ್ಸು" ಎಂದರು. ಬರಲಿಲ್ಲ. ಮೂವತ್ತಕ್ಕೆ ಇಪ್ಪತ್ತೊಂಬತ್ತು ತೆಗೆದ ನನ್ನ ಹೆಂಡತಿಯ ಹಾಳೆಯಲ್ಲಿ ಇಂದಿಗೂ ಹೀಗೆ ಬರೆದಿದೆ: 'ಗಂಡನ ಹೆಸರು ನೆನಪಿಲ್ಲ. ಆದರೆ ವರ್ಣಿಸುತ್ತಾರೆ.'

೩. ಲಾಭ

ನಮ್ಮ ಜೊತೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಬರುತ್ತಿದ್ದರು. ಗದ್ದೆ ಬೇಸಾಯದ ಮನೆಯವರು, ಮದುವೆಯಾಗಿ ಬಂದಾಗಿನಿಂದ ಕಣದಲ್ಲಿ ಭತ್ತ ಅಳೆದವರು. ಅವರಿಗೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಇಳಿದರು. ಎಲ್ಲಿಯೂ ತಡವರಿಸಲಿಲ್ಲ.

"...ಐದು, ನಾಕು, ಮೂರು, ಎಲ್ಡು, ಲಾಭ."

ಮೇಡಂ ಪೆನ್ನು ಎತ್ತಿದರು. "ಎರಡು ಆದ ಮೇಲೆ ಎಂತ ಅಜ್ಜಿ?"

"ಲಾಭ."

"ಒಂದು ಅನ್ನಬೇಕು ಅಲ್ವಾ?"

"ಅದ್ನೇ ಅಂದೆ ಕಣವ್ವ."

ಭತ್ತ ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ, ಆಮೇಲೆ ಎರಡು ಮೂರು ಎಂದು ನಾನು ನಡುವೆ ಬಾಯಿ ಹಾಕಿದೆ. ಮೇಡಂ ಪಾಪ, ಅರ್ಥಮಾಡಿಕೊಂಡರು. ಆದರೆ ಕಾಗದಕ್ಕೆ ಅರ್ಥವಾಗಬೇಕಲ್ಲ. "ಅದು ಭತ್ತಕ್ಕಾಯಿತು ಅಜ್ಜಿ. ಈಗ ನಾವು ಭತ್ತ ಅಳೀತಾ ಇಲ್ಲ" ಎಂದರು.

"ಮತ್ತೇನ್ ಅಳೀತಿದೀಯ?"

"ನಿಮ್ಮ ಬುದ್ಧಿ."

ಅಜ್ಜಿ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಲಾಭ ಅಂತ್ಲೇ ಬರ್ಕೊ. ಅದೂ ಒಸಿ ತುಂಬ್ಲಿ."

ಅರ್ಧ ಮಾರ್ಕು ಹೋಯಿತು. ಅಜ್ಜಿಗೆ ಬೇಜಾರೇನೂ ಆಗಲಿಲ್ಲ, ಅವರ ಜೀಪಿನ ಕೀ ಯಾರ ಕೊರಳಿನಲ್ಲೂ ಇರಲಿಲ್ಲ. ಮುಂದಿನ ಬುಧವಾರ ಚಹಾ ಬಂದಾಗ ಮೇಡಂ ಲೋಟ ಎಣಿಸುತ್ತಿದ್ದರು. ನಾನು ಹಿಂದೆಯೇ ನಿಂತಿದ್ದೆ. "ಲಾಭ, ಎರಡು, ಮೂರು" ಎನ್ನುತ್ತಿದ್ದರು.

೪. ಆನೆ ಎಂದರೆ ಎಷ್ಟು

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂಬುದು ಇನ್ನೊಂದು ಅಭ್ಯಾಸ. ನಮ್ಮ ಕ್ಲಾಸಿನಲ್ಲಿ ಒಬ್ಬ ದೊಡ್ಡ ಸಾಹುಕಾರರಿದ್ದರು. ಮುನ್ನೂರು ಎಕರೆ ತೋಟ, ಎದ್ದರೆ ಕೂತರೆ ಗತ್ತು. ಮನೆಯಲ್ಲಿ ಯಾರೋ ಬಲವಂತ ಮಾಡಿ ಕಳಿಸಿದ್ದರೆಂದು ಕಾಣುತ್ತದೆ, ಯಾವಾಗಲೂ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಮೇಡಂ ಗಡಿಯಾರ ನೋಡಿ "ಶುರು ಮಾಡಿ" ಎಂದರು.

"ಮೊಂಡ, ಗೇಟ್ ಮುರ್ಕ, ಒಂಟಿ ಕೊಂಬ, ದೊಡ್ಡಿ, ದೊಡ್ಡಿ ಮರಿ, ಟ್ಯಾಂಕಿ, ಕುಂಟ, ಹಲಸಿನ್ ಹೊಟ್ಟೆ..."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಸರ್, ಇದೆಲ್ಲ ಯಾವ ಪ್ರಾಣಿ?"

"ಆನೆ."

"ಎಲ್ಲವೂ?"

"ಮತ್ತೆ? ನಮ್ ತೋಟಕ್ಕೆ ಬರೋವು ಅವೇ."

"ಹಾಗಾದರೆ ಒಂದು ಮಾರ್ಕು ಸರ್. ಆನೆ ಅಂದರೆ ಒಂದೇ ಪ್ರಾಣಿ."

ಸಾಹುಕಾರರು ಎದ್ದು ನಿಂತರು. "ಒಂದಾ? ಗೇಟು ಮುರಿದಿದ್ದು ಬೇರೆ, ನೀರಿನ್ ಟ್ಯಾಂಕಿ ತುಳಿದಿದ್ದು ಬೇರೆ. ಮೊಂಡ ಬಂದ್ರೆ ಪಟಾಕಿ ಹೊಡದ್ರೆ ಹೋಗ್ತದೆ, ಕುಂಟ ಪಟಾಕಿ ಹೊಡದೋನ್ ಕಡೆಗೇ ಬರ್ತದೆ. ಒಂದು ಅಂತ ಹೇಳಿ ಕಳ್ಸಿದ್ರೆ ನಮ್ ಆಳು ಮನೆಗೆ ವಾಪಸ್ ಬರ್ತಾನಾ ಮೇಡಂ?"

ಇದು ಪ್ರಾಣಿಗಳ ಪ್ರಶ್ನೆ, ಆನೆಗಳ ಪ್ರಶ್ನೆಯಲ್ಲ ಎಂದು ಮೇಡಂ. ಬೆಕ್ಕು ನಾಯಿ ಹೇಳಲು ನಾನೇನು ಒಂದನೇ ಕ್ಲಾಸಾ ಎಂದು ಸಾಹುಕಾರರು. ನಾವೆಲ್ಲ ಸಾಹುಕಾರರ ಕಡೆ, ಯಾಕೆಂದರೆ ನಾವು ಮನೆಗೆ ಹೋಗುವ ದಾರಿಯೂ ಆ ಎಂಟು ಹೆಸರುಗಳ ನಡುವೆಯೇ ಇತ್ತು.

ಅಷ್ಟರಲ್ಲಿ ನಾಲ್ಕೈದು ಜನರ ಮೊಬೈಲು ಒಟ್ಟಿಗೆ ಸದ್ದು ಮಾಡಿದವು. ಊರಿನ ಗುಂಪಿಗೆ ಮೆಸೇಜು ಬಂದಿತ್ತು: 'ಟ್ಯಾಂಕಿ ಸ್ಕೂಲ್ ತಿರುವಿನಲ್ಲಿ ರಸ್ತೆ ಮೇಲಿದೆ.' ಮೇಡಂ ದಿನಾ ಸ್ಕೂಟರಿನಲ್ಲಿ ಹೋಗುವುದು ಆ ತಿರುವಿನಲ್ಲೇ. ಅವರು ಮೆತ್ತಗೆ ಸಾಹುಕಾರರ ಕಡೆ ಬಾಗಿ, "ಸರ್, ಈ ಟ್ಯಾಂಕಿ ಹೇಗೆ, ಪಾಪದ್ದಾ?" ಎಂದರು.

"ಯಾವ ಟ್ಯಾಂಕಿ? ಆನೆ ಅಂದ್ರೆ ಒಂದೇ ಅಲ್ವಾ?" ಎಂದರು ಸಾಹುಕಾರರು.

ಎಂಟಕ್ಕೆ ಎಂಟು ಮಾರ್ಕು ಬಿತ್ತು. ಆಮೇಲೆ ಟ್ಯಾಂಕಿ ಹಾರ್ನ್ ಮಾಡಿದರೆ ಮಾತ್ರ ರೇಗುತ್ತದೆ, ಸುಮ್ಮನೆ ನಿಂತರೆ ತಾನೇ ಇಳಿದು ಹೋಗುತ್ತದೆ ಎಂದು ವಿವರ ಸಿಕ್ಕಿತು.

೫. ಚಮಚ ಇವತ್ತು ರಜಾ

ಹತ್ತು ಪದ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುವುದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಮೂರು ವಾರ ಮೂರಕ್ಕಿಂತ ಮೇಲೆ ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ಒಲೆಯ ಮುಂದೆ ಬಗ್ಗಿದಾಗಲೆಲ್ಲ ಕೀ ಟಿಣಿಟಿಣಿ ಅನ್ನುತ್ತಿತ್ತು. ಆ ಸದ್ದಿಗೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ನನಗೇ ಹೊಳೆಯಿತು. ಬಿಟ್ಟು ಹನ್ನೆರಡು ವರ್ಷವಾದರೂ ನಮ್ಮ ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಆಳುಗಳ ಮನೆಸಾಲುಗಳಲ್ಲಿ, ಯಾವ ಮನೆಯಲ್ಲಿ ಯಾರಿದ್ದರು, ಮಸ್ಟರಿನಲ್ಲಿ ಯಾರ ಹಿಂದೆ ಯಾರ ಹೆಸರು ಎಂಬುದು ನನಗೆ ನಿದ್ದೆಯಲ್ಲೂ ಬರುತ್ತದೆ. ನೂರಿಪ್ಪತ್ತು ಹೆಸರು, ಒಂದೂ ಆಚೀಚೆ ಆಗುವುದಿಲ್ಲ. ಹಾಗಾದರೆ ಈ ಹತ್ತು ಪದಗಳನ್ನೂ ಕೆಲಸಕ್ಕೆ ಸೇರಿಸಿಕೊಂಡರೆ? ಲೈನಿನ ಒಂದೊಂದು ಬಾಗಿಲಿಗೆ ಒಂದೊಂದು ಪದವನ್ನು ನಿಲ್ಲಿಸಿದೆ. ಮುಂದಿನ ಬುಧವಾರ ಮೇಡಂ ಕೇಳಿದಾಗ ಎದ್ದು ನಿಂತು, ಹಳೆಯ ಗಂಟಲು ತೆಗೆದು ಮಸ್ಟರ್ ಕೂಗಿದೆ.

"ಸೇಬಮ್ಮ. ಮೇಜಯ್ಯ. ಕೊಡೆಯಪ್ಪ. ದೋಣಿರಾಜು. ಗುಲಾಬಿ. ಕನ್ನಡಕದ ತಿಮ್ಮ. ಬಾಗಿಲಮ್ಮ. ಗಡಿಯಾರದ ಮೇಸ್ತ್ರಿ..."

ಒಂದೊಂದು ಹೆಸರಿಗೂ ಅಜ್ಜಿ ಹುರುಪಿನಿಂದ "ಬಂದವ್ಳೆ", "ಬಂದವ್ನೆ" ಎನ್ನುತ್ತಿದ್ದರು. ಎಂಟಾದ ಮೇಲೆ ನಿಂತೆ. ಒಂಬತ್ತನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

"ಒಂಬತ್ತನೆಯದು?" ಎಂದರು ಮೇಡಂ.

"ಒಂಬತ್ನೇದು ಇವತ್ತು ರಜಾ" ಎಂದೆ. ಬಾಯಿಂದ ಬಂದೇ ಬಿಟ್ಟಿತು. ಹತ್ತನೆಯದು "ಹಗ್ಗದ ಚಿಕ್ಕ" ಎಂದು ಮುಗಿಸಿದೆ.

ರಜಾ ಹಾಕಿದ್ದು ಚಮಚ. ಮೇಡಂ ನಗುತ್ತಾ ಒಂಬತ್ತು ಮಾರ್ಕು ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಾಹುಕಾರರು ಹಿಂದಿನಿಂದ, "ರೈಟ್ರೇ, ಎಲ್ಲಾರ್ ಹೆಸ್ರೂ ಕೂಗಿದ್ರಿ. ಮಸ್ಟರ್ನಾಗೆ ನಿಮ್ ಹೆಸ್ರು ಎಲ್ಲಿ?" ಎಂದು ಕೇಳಿದರು. ರೈಟರ್ ಹೆಸರು ಮಸ್ಟರಿನಲ್ಲಿ ಇರುವುದಿಲ್ಲ, ಕೂಗುವವನು ತನ್ನನ್ನೇ ಕೂಗಿಕೊಳ್ಳುವುದಿಲ್ಲ ಎಂದು ಹೇಳಿದೆ. ಹೇಳಿದ ಮೇಲೆ ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸಿತು. ಎಸ್ಟೇಟಿನಲ್ಲಿ ರೈಟರ್ರು, ಮನೆಯಲ್ಲಿ "ರೀ", ಅಂಗಡಿಯಲ್ಲಿ "ಯಜಮಾನ್ರೇ". ಕೊನೆಯ ಸಲ ನನ್ನ ಹೆಸರು ಹಿಡಿದು ಯಾರು ಕರೆದರು ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ನೆನಪಾಗಲಿಲ್ಲ. ಇದನ್ನು ಯಾವ ಪ್ರಶ್ನೆಗೆ ಸೇರಿಸಬೇಕೋ ಗೊತ್ತಾಗಲಿಲ್ಲ.

೬. ಹೊಸ ದಾರಿ

ದಿನಾ ಮಾಡುವುದನ್ನೇ ಬೇರೆ ರೀತಿ ಮಾಡಿದರೆ ಮೆದುಳು ಚುರುಕಾಗುತ್ತದೆ ಎಂದು ಮೇಡಂ ಮನೆಪಾಠ ಕೊಟ್ಟರು. ಎಡಗೈಯಲ್ಲಿ ಹಲ್ಲುಜ್ಜಿದೆ, ಮೀಸೆ ಮಾತ್ರ ಚೊಕ್ಕಟವಾಯಿತು. ಇನ್ನೊಂದು ಮನೆಪಾಠ, ದಿನಾ ಹೋಗುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ ನಡೆಯುವುದು. ಒಂದು ಬೆಳಿಗ್ಗೆ ಹಾಲಿನ ಡೇರಿಗೆ ಹೋಗಲು ರಸ್ತೆ ಬಿಟ್ಟು ತೋಟದ ಒಳದಾರಿ ಹಿಡಿದೆ. ಅಲ್ಲಿಂದ ಹಸುವಿನ ಹಿಂಡಿ ತರಲೆಂದು ಕೈಯಲ್ಲಿ ಖಾಲಿ ಚೀಲ ಇತ್ತು.

ಕಾಫಿ ಕೊಯ್ಲಿನ ಸಮಯದಲ್ಲಿ ಬೇರೆಯವರ ತೋಟದೊಳಗೆ ಖಾಲಿ ಚೀಲ ಹಿಡಿದು ಓಡಾಡಬಾರದು ಎಂಬುದನ್ನು ನಾನೇ ಮೂವತ್ತೈದು ವರ್ಷ ಎಲ್ಲರಿಗೂ ಹೇಳಿದವನು. ಅದು ಅಂದು ನೆನಪಾಗಲಿಲ್ಲ. ವಾಚ್‌ಮನ್ ಹಿಂದಿನಿಂದ ಬಂದು ಚೀಲ ಹಿಡಿದ.

"ಎಲ್ಲಿಗೆ?"

"ಡೇರಿಗೆ."

"ಡೇರಿ ಆ ಕಡೆ. ಇಲ್ಯಾಕ್ ಬಂದ್ರಿ?"

"ಮೆದುಳಿಗೆ ವ್ಯಾಯಾಮ ಮಾಡ್ತಿದೀನಿ ಕಣಪ್ಪ."

"ಕಾಫಿ ಕೀಳಕ್ಕೆ ಬಂದೋರು ಏನೇನೋ ಹೇಳಿದ್ದು ಕೇಳಿದೀನಿ, ಇದು ಹೊಸದು" ಎಂದ.

ಅದು ನಮ್ಮ ಕ್ಲಾಸಿನ ಸಾಹುಕಾರರದೇ ತೋಟವೆಂದು ತಿಳಿದು ನನಗೆ ಜೀವ ಬಂತು. "ನಿಮ್ ಸಾಹುಕಾರ್ರಿಗೆ ಫೋನ್ ಮಾಡು, ವಾರ ವಾರ ಅವರ ಪಕ್ಕದಾಗೆ ಕೂರ್ತೀನಿ" ಎಂದು ನನ್ನ ಹೆಸರು ಹೇಳಿದೆ. ಅವನು ಫೋನು ಮಾಡಿ, ಸ್ಪೀಕರಿಗೆ ಹಾಕಿ, ನನ್ನ ಹೆಸರು ಸ್ಪಷ್ಟವಾಗಿ ಹೇಳಿದ.

ಸಾಹುಕಾರರ ಗಡಸು ದನಿ ಬಂತು. "ಆ ಹೆಸ್ರಿನೋರು ಯಾರೂ ನಮ್ ಕ್ಲಾಸ್ನಾಗೆ ಇಲ್ಲ. ಹಿಡ್ಕೊಂಡಿರು, ಬಂದೆ."

"ಸಾಹುಕಾರ್ರೆ, ನಾನು ರೈಟ್ರು" ಎಂದು ಕೂಗಿದೆ.

"ಅಯ್ಯೋ ಮಾರಾಯ, ಹಂಗ್ ಹೇಳದಲ್ವಾ? ಯಾರ್ಯಾರ್ದೋ ಹೆಸ್ರು ಯಾಕ್ ಹೇಳ್ತೀರಿ?"

ನನ್ನ ಹೆಸರು ಹೇಳಿ ನಾನು ಕಳ್ಳನಾದೆ, ಮರೆಸಿ ಬಚಾವಾದೆ. ವಾಚ್‌ಮನ್ ಚೀಲ ವಾಪಸು ಕೊಡುತ್ತಾ, ನಾಳೆಯಿಂದ ಮೆದುಳನ್ನು ರಸ್ತೆ ಮೇಲೆಯೇ ಕರೆದುಕೊಂಡು ಹೋಗಿ ಎಂದ.

೭. ಇಪ್ಪತ್ತನಾಲ್ಕು

ಕೊಯ್ಲು ಮುಗಿಯುವ ಹೊತ್ತಿಗೆ ಮೂರು ತಿಂಗಳೂ ಮುಗಿದವು. ಪರೀಕ್ಷೆಯ ದಿನ ನಾನು ಇಸ್ತ್ರಿ ಮಾಡಿದ ಶರಟು ಹಾಕಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಬಂದರೂ, ಸಂಜೆ ಹೆತ್ತೂರಿನವರೆಗೆ ಒಂದು ಸುತ್ತು ಜೀಪಿನಲ್ಲಿ ಹೋಗಿಬರಬೇಕು ಎಂದು ಡೀಸೆಲ್ ಕೂಡ ತರಿಸಿಟ್ಟಿದ್ದೆ.

ಮೂರು ಪದ ಬಂದವು. ಹತ್ತು ಪದದಲ್ಲಿ ಇಬ್ಬರು ಮಾತ್ರ ರಜಾ. ನೂರರಿಂದ ಏಳೇಳು ಕಳೆಯುವಾಗ ಒಂದು ಕಡೆ ಎಡವಿದೆ. ಪ್ರಾಣಿಗಳಲ್ಲಿ ಮೊದಲು ಆನೆಗಳನ್ನು ಮುಗಿಸಿ, ಆಮೇಲೆ ನಾಯಿ ಬೆಕ್ಕಿಗೆ ಬಂದೆ. ಕೊನೆಯ ಸಾಲಿಗೆ ಮೇಡಂ ಮೊದಲಿನಂತೆಯೇ ಕೇಳದೆ ಒಂದು ಮಾರ್ಕು ಹಾಕಿ, ಕೂಡಿ, ಪೆನ್ಸಿಲಿನಲ್ಲಿ ಬರೆದರು: ಇಪ್ಪತ್ತನಾಲ್ಕು. ಸಾಹುಕಾರರು ಚಪ್ಪಾಳೆ ತಟ್ಟಿದರು. ಅಜ್ಜಿ "ಲಾಭ ಆಯ್ತು" ಎಂದರು. ನಾನು ಹೆಂಡತಿಯ ಕಡೆ ನೋಡಿ ಕೈ ಚಾಚಿದೆ.

ಅವಳು ಕೀ ಮುಟ್ಟಿ ನೋಡಿಕೊಂಡಳು. ಆದರೆ ಕೊಡಲಿಲ್ಲ. ಎದ್ದು ಮೇಡಂ ಹತ್ತಿರ ಹೋಗಿ, "ನಂದೂ ಒಂದ್ಸಲ ನೋಡ್ಬುಡಿ. ಹೋದ್ಸಲ ಒಂದು ಮಾರ್ಕು ಹೋಗಿತ್ತು" ಎಂದಳು.

"ಅಮ್ಮಾ, ಆ ಒಂದು ಪ್ರಶ್ನೆ ಮಾತ್ರ ಕೇಳಿದರೆ ಸಾಕು ಅಲ್ವಾ?"

"ಸಾಕು."

ಈ ಮೂರು ತಿಂಗಳಲ್ಲಿ ನನ್ನ ಹೆಂಡತಿ ಗಂಡನ ಹೆಸರೇ ಮರೆತವಳು ಎಂದು ಊರಿಡೀ ತಮಾಷೆ ಆಗಿತ್ತು. ಅದು ಅವಳಿಗೆ ಎಷ್ಟು ನಾಟಿತ್ತೆಂದು ನನಗೆ ಗೊತ್ತಿತ್ತು. ನಾನು ನನ್ನ ಇಪ್ಪತ್ತನಾಲ್ಕನ್ನೇ ನೋಡುತ್ತಾ, ಜೀಪಿನ ಬ್ಯಾಟರಿ ಇಳಿದಿರಬಹುದೇ ಎಂದು ಯೋಚಿಸುತ್ತಾ ಕೂತಿದ್ದೆ.

"ನಿಮ್ಮ ಯಜಮಾನರ ಹೆಸರು?"

ಅವಳು ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಕೈ ತಾಳಿಯ ಮೇಲೆ ಇಟ್ಟುಕೊಂಡು, ಗೋಡೆಯ ಕಡೆ ತಿರುಗಿ, ಕಡೆಯ ಬೆಂಚಿಗೂ ಕೇಳುವಂತೆ ಹೇಳಿದಳು.

"ಚಂದ್ರಶೇಖರ."

ನಾನು ತಟ್ಟನೆ ಹಿಂತಿರುಗಿ ಬಾಗಿಲ ಕಡೆ ನೋಡಿದೆ. ನೋಡಿ ಸುಮ್ಮನಿದ್ದರೂ ಆಗುತ್ತಿತ್ತು. "ಯಾರ್ ಬಂದ್ರು?" ಎಂದು ಕೇಳಿದೆ.

ಭವನದಲ್ಲಿ ಎದ್ದ ನಗುವಿಗೆ ಚಹಾದವನು ಒಳಗೆ ಓಡಿ ಬಂದ. ಅಜ್ಜಿಗೆ ಕೆಮ್ಮು ಹತ್ತಿತು. ಸಾಹುಕಾರರು ಕುರ್ಚಿಯ ತುದಿಯಲ್ಲಿ ಕೂರುವುದನ್ನು ಬಿಟ್ಟು ಒರಗಿ, ಕಣ್ಣೊರೆಸಿಕೊಳ್ಳುತ್ತಾ, "ಈ ಹೆಸ್ರು ಎಲ್ಲೋ ಫೋನ್ನಾಗೆ ಕೇಳಿದ್ದೆ" ಎಂದರು. ನಗದೆ ಇದ್ದವರು ಮೇಡಂ ಒಬ್ಬರೇ. ಅವರು ನನ್ನ ಕಾಗದದ ಕೊನೆಯ ಸಾಲನ್ನು ಓದುತ್ತಿದ್ದರು: 'ಹೆಸರು ಕರೆದರೆ ಓಗೊಡುತ್ತಾರೆಯೇ.'

"ಮೇಡಂ, ಅದು ಮರೆವು ತುಂಬಾ ಜೋರಾದವ್ರಿಗೆ ಅಂದಿದ್ರಿ" ಎಂದೆ.

"ನಾನು ನೋಡದೆ ಇದ್ದಿದ್ದರೆ ಬಿಡಬಹುದಿತ್ತು ಮಾರಾಯ್ರೆ. ನನ್ನ ಎದುರಿಗೇ ಆಯಿತಲ್ಲ" ಎಂದು ರಬ್ಬರು ತೆಗೆದುಕೊಂಡರು.

ಅವಳಿಗೆ ಮೂವತ್ತಕ್ಕೆ ಮೂವತ್ತು. ನನಗೆ ಇಪ್ಪತ್ತಮೂರು.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯಾಗಿತ್ತು. ನಲವತ್ತನಾಲ್ಕು ವರ್ಷಕ್ಕೆ ಒಂದು ಸಲ ನನ್ನ ಹೆಸರು ಅವಳ ಬಾಯಲ್ಲಿ ಬಂದಿತ್ತು, ನಾನು ಮೂರ್ಖನ ಹಾಗೆ ಬಾಗಿಲು ನೋಡಿದ್ದೆ. ಇನ್ನೊಂದು ಸಲ ಹೇಳು ಎಂದು ಕೇಳಲು ನಾಚಿಕೆಯಾಯಿತು. ಅದಕ್ಕೆ ಬೇರೆಯದನ್ನು ಕೇಳಿದೆ.

"ಒಂದು ಮಾರ್ಕಿಗೋಸ್ಕರ ನನ್ ಆಯಸ್ಸು ಕಮ್ಮಿ ಮಾಡ್ಬುಟ್ಯಲ್ಲೇ."

ಸ್ಕೂಲ್ ತಿರುವು ಬಂತು. ಬಸ್ಸು ಒಂದು ಕಡೆ ವಾಲಿದಾಗ ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕೀ ಹಿಡಿದುಕೊಂಡಳು.

"ನೀವು ಜೀಪು ಹೊಡೆದಿದ್ರೆ ಇನ್ನೂ ಕಮ್ಮಿ ಆಗೋದು" ಎಂದಳು. "ಮಾರ್ಕಿಗಲ್ಲ ಕಣ್ರೀ ಹೇಳಿದ್ದು. ನೀವು ಹಿಂತಿರುಗಿ ನೋಡ್ತೀರ ಅಂತ ನಂಗೊತ್ತಿತ್ತು."